ಗಾಜಿನ ಒಲೆಯ ಮೇಲೆ ಐದು ಅಗುಳು

ಬೀದಿಯ ಗ್ಯಾಸ್ ಲೈನು ಮುಚ್ಚಿದ್ದು ಒಂದು ಬುಧವಾರ ಬೆಳಿಗ್ಗೆ. ಮುಚ್ಚಿದವನು ಬೇರೆ ಯಾರೋ ಆಗಿದ್ದರೆ ಮೆಸ್ಸಿನಮ್ಮ ಅವನ ಏಳು ತಲೆಮಾರನ್ನೂ ಜಾಲಾಡಿಬಿಡುತ್ತಿದ್ದಳು. ಆದರೆ ಸ್ಪ್ಯಾನರು ಹಿಡಿದು ಅಡುಗೆಮನೆಯ ಗೋಡೆಯಿಂದ ಮೀಟರು ಬಿಚ್ಚುತ್ತಿದ್ದವನು ಅವಳ ಹೊಟ್ಟೆಯಲ್ಲಿ ಹುಟ್ಟಿದ ಮಗ. ಇಪ್ಪತ್ತೊಂದು ವರ್ಷ ಮನೆಮನೆಗೆ ಗ್ಯಾಸಿನ ಪೈಪು ಎಳೆದುಕೊಟ್ಟ ಫಿಟ್ಟರ್ ಅವನು. ಈಗ ಎಳೆದದ್ದನ್ನೆಲ್ಲ ತಾನೇ ಕೀಳುವ ಕೆಲಸ. ಅದಕ್ಕೂ ಮುಂಚೆ ಆರು ತಿಂಗಳು ಬೀದಿಯ ಮೆಟ್ಟಿಲುಗಳನ್ನೆಲ್ಲ ಹತ್ತಿಳಿದು, ಗ್ಯಾಸು ಬಿಡಿ, ಕರೆಂಟಿನ ಒಲೆಗೆ ಬನ್ನಿ ಎಂದು ನಲವತ್ತೊಂದು ಮನೆಯವರ ಸಹಿ ತಂದವಳು ಅವನ ಹೆಂಡತಿ. ವಾರ್ಡ್ ಆಫೀಸಿನ ಇಂಧನ ವಿಭಾಗದ ಗುಮಾಸ್ತೆ. ಆಫೀಸಿನವರು ಕೊಟ್ಟ ಗಿಳಿಹಸಿರು ಕೋಟು ತೊಟ್ಟು ಅವಳು ಓಡಾಡುವುದನ್ನು ನೋಡಿ ಬೀದಿಯ ಹುಡುಗರು ನಗುತ್ತಿದ್ದರು. ಅವಳು ನಗುವವರ ಮನೆಗೇ ಮೊದಲು ಹೋಗಿ ಸಹಿ ಹಾಕಿಸಿಕೊಂಡು ಬಂದಳು. ಹಟದಲ್ಲಿ ಅತ್ತೆಗೆ ತಕ್ಕ ಸೊಸೆ.

ಮೆಸ್ಸಿನಮ್ಮ ಅನ್ನುವುದು ಬೀದಿ ಇಟ್ಟ ಹೆಸರು. ಕಾರ್ಖಾನೆಯ ಗೇಟಿನ ಎದುರು ಇಪ್ಪತ್ತೆರಡು ವರ್ಷ ಮೆಸ್ಸು ನಡೆಸಿದವಳು. ದಿನಕ್ಕೆ ಎರಡು ಹೊತ್ತು, ಹೊತ್ತಿಗೆ ಅರವತ್ತು ಜನ. ಗಂಡ ತೀರಿಕೊಂಡ, ಕಾರ್ಖಾನೆ ಬೇರೆ ಊರಿಗೆ ಹೋಯಿತು, ಮೆಸ್ಸಿನ ಬಾಗಿಲು ಬಿತ್ತು. ಎಪ್ಪತ್ತಮೂರನೆಯ ವಯಸ್ಸಿನಲ್ಲಿ ಅವಳ ಕೈಯಲ್ಲಿ ಉಳಿದದ್ದು ಮಗನ ಮನೆಯ ಅಡುಗೆಮನೆ ಒಂದೇ. ಬೆಳಗಿನ ಹಾಲು ಬ್ರೆಡ್ಡು ಹೇಗೋ ಆಗುತ್ತಿತ್ತು. ಎಂಟು ಗಂಟೆಗೆ ಮಗ, ಸೊಸೆ, ಹದಿನಾಲ್ಕರ ಮೊಮ್ಮಗಳು ಮೂವರೂ ಹೊರಟುಹೋದರೆ ಸಂಜೆ ಆರರವರೆಗೆ ಮನೆಯಲ್ಲಿ ಅವಳೊಬ್ಬಳೇ. ಆ ಹತ್ತು ಗಂಟೆ ಅವಳಿಗೆ ಮಾತಿಗೆ ಸಿಗುತ್ತಿದ್ದದ್ದು ಒಲೆ.

ಇನ್ನೊಂದು ವಿಷಯವಿತ್ತು. ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಎರಡು ವರ್ಷದಿಂದ ಅವಳ ಕಣ್ಣು ನಡುವಿನಿಂದ ಅಳಿಸಿಹೋಗುತ್ತ ಬಂದಿತ್ತು. ಸುತ್ತಲಿನದು ಕಾಣುತ್ತಿತ್ತು, ನೇರ ನೋಡಿದ್ದು ಕಾಣುತ್ತಿರಲಿಲ್ಲ. ಗಡಿಯಾರ ನೋಡಿದರೆ ಗೋಡೆ ಇತ್ತು, ಗಡಿಯಾರ ಇರಲಿಲ್ಲ. ಪಕ್ಕದ ಕ್ಯಾಲೆಂಡರಿನ ಕಡೆ ಕಣ್ಣು ತಿರುಗಿಸಿದರೆ ಗಡಿಯಾರ ಮಸುಕಾಗಿ ಮೂಲೆಗೆ ಬಂದು ನಿಲ್ಲುತ್ತಿತ್ತು. ಓದುವುದನ್ನು ಬಿಟ್ಟಳು, ಹೊಲಿಯುವುದನ್ನು ಬಿಟ್ಟಳು, ಕನ್ನಡಕ ಬದಲಾಯಿಸಬೇಕು ಎಂದು ಎಲ್ಲರಿಗೂ ಹೇಳಿ ಬದಲಾಯಿಸದೆ ದಿನ ದೂಡಿದಳು. ಅಡುಗೆಗೆ ಮಾತ್ರ ಏನೂ ತೊಂದರೆ ಆಗಲಿಲ್ಲ. ಒಲೆಯ ತಿರುಗಣಿ ಎಷ್ಟು ತಿರುಗಿತು ಎಂದು ಬೆರಳಿಗೆ ಗೊತ್ತಿತ್ತು. ಉರಿ ದೊಡ್ಡದೋ ಸಣ್ಣದೋ ಎಂದು ಬುಸುಗುಡುವ ಸದ್ದು ಹೇಳುತ್ತಿತ್ತು, ಅಂಗೈಗೆ ತಾಗುವ ಕಾವು ಹೇಳುತ್ತಿತ್ತು. ಬದುಕಿರುವವರೆಗೆ ಇದು ಸಾಕು ಅಂದುಕೊಂಡಿದ್ದಳು.

ಹೇಳದಿರುವುದಕ್ಕೆ ಕಾರಣವಿತ್ತು. ಎದುರುಮನೆಯ ಅಜ್ಜಿಗೆ ಕಣ್ಣು ಹೋದದ್ದು ಗೊತ್ತಾದ ವಾರವೇ ಮನೆಯವರು ಚಾಕು ಕತ್ತರಿಗಳನ್ನೆಲ್ಲ ಮೇಲಿನ ಕಪಾಟಿಗೆ ಏರಿಸಿದರು. ಕಿಟಕಿಯ ಪಕ್ಕ ಒಂದು ಕುರ್ಚಿ ಹಾಕಿ, ಕೈಗೆ ರೇಡಿಯೋ ಕೊಟ್ಟು ಕೂರಿಸಿದರು. ಪ್ರೀತಿಯಿಂದಲೇ ಮಾಡಿದರು, ಇಲ್ಲ ಅನ್ನುವಂತಿಲ್ಲ. ಒಂದು ವರ್ಷ ಕೂತಲ್ಲೇ ಕೂತು ಆ ಅಜ್ಜಿ ಹೋದಳು. ನೋಡಲು ಹೋದಾಗಲೆಲ್ಲ ಅವಳು ಮೆಸ್ಸಿನಮ್ಮನ ಕೈ ಹಿಡಿದು, "ಇವತ್ತು ಏನು ಅಡುಗೆ ಮಾಡ್ದೆ, ಮೊದಲಿಂದ ಹೇಳು" ಎಂದು ಕೇಳುತ್ತಿದ್ದಳು. ಒಗ್ಗರಣೆ ಹಾಕಿದ್ದನ್ನೂ ಬಿಡದೆ ಹೇಳಿಸಿಕೊಳ್ಳುತ್ತಿದ್ದಳು.

ಗ್ಯಾಸ್ ನಿಂತ ದಿನ ಸಂಜೆ ಸೊಸೆ ಹೊಸ ಒಲೆಯ ಮುಂದೆ ಅತ್ತೆಯನ್ನು ನಿಲ್ಲಿಸಿಕೊಂಡಳು. ಒಲೆ ಅಂದರೆ ಏನು, ಕಟ್ಟೆಯ ಮೇಲೆ ಮಲಗಿಸಿದ ಒಂದು ಕಪ್ಪು ಗಾಜು.

"ಇಲ್ನೋಡಿ ಅತ್ತೆ. ಇದು ಆನ್. ಇದು ಎಡಗಡೆ ಒಲೆ, ಇದು ಬಲಗಡೆ. ಇದು ಜಾಸ್ತಿ, ಇದು ಕಡಿಮೆ. ಐದೇ ಐದು. ಇನ್ನುಳಿದಿದ್ದೆಲ್ಲ ನಿಮಗೆ ಬೇಡವೇ ಬೇಡ."

"ತಿರುಗಿಸೋಕೆ ಏನೂ ಇಲ್ವಾ?"

"ಏನೂ ಇಲ್ಲ. ಮುಟ್ಟಿದ್ರೆ ಸಾಕು."

"ಎಲ್ಲಿ ಮುಟ್ಟೋದು?"

"ಬರೆದಿದೆಯಲ್ಲ ಅತ್ತೆ, ಬೆಳ್ಳಗೆ, ಇಲ್ಲೇ!"

ಮೆಸ್ಸಿನಮ್ಮ ಬೆರಳಾಡಿಸಿದಳು. ಗಾಜು ಎಲ್ಲೆಡೆ ಒಂದೇ ಸಮ, ನುಣ್ಣಗೆ. ಎಲ್ಲಿ ಮುಟ್ಟಿದರೂ ಒಂದೇ ಪೀಂ. ಉರಿಯಿಲ್ಲ, ಸದ್ದಿಲ್ಲ, ಪಾತ್ರೆ ಇಡುವವರೆಗೆ ಕಾವೂ ಇಲ್ಲ.

"ಇದೊಳ್ಳೆ ಒಲೆ," ಅಂದಳು. "ಸತ್ತಿದೆಯೋ ಬದುಕಿದೆಯೋ ಗೊತ್ತಾಗಲ್ಲ."

ಮೊಮ್ಮಗಳು ಕಿಸಕ್ಕನೆ ನಕ್ಕಳು. ಸೊಸೆ ನಗಲಿಲ್ಲ. "ಗ್ಯಾಸ್ ಉರಿಸಿದ್ದಷ್ಟೇ ಅಲ್ಲ ಅತ್ತೆ, ಪೈಪಿಂದ ಸೋರಿದ್ದೂ ಗಾಳಿ ಹಾಳು ಮಾಡುತ್ತೆ. ಒಂದೇ ಒಂದು ಮನೆ ಬೇಕು ಅಂದ್ರೂ ಇಡೀ ಬೀದಿಗೆ ಪೈಪಲ್ಲಿ ಗ್ಯಾಸ್ ಬಿಡ್ಬೇಕು. ಅದಕ್ಕೇ ಬೀದಿಗೆ ಬೀದೀನೇ ಒಪ್ಪಬೇಕು ಅಂತ ಸರ್ಕಾರ ರೂಲು ಮಾಡಿರೋದು. ಈಗ ಗುಡ್ಡದ ಮೇಲೆ ಗಾಳಿಯಂತ್ರ ತಿರುಗುತ್ತೆ, ನಮ್ಮನೇಲಿ ಅನ್ನ ಬೇಯುತ್ತೆ."

"ಗಾಳಿ ಬೀಸದೇ ಇದ್ರೆ ಉಪವಾಸನಾ?" ಎಂದ ಮಗ, ಮೀಟರು ಬಿಚ್ಚಿದ ಜಾಗಕ್ಕೆ ಸಿಮೆಂಟು ಮೆತ್ತುತ್ತ.

"ನೀವು ಸುಮ್ನಿರಿ. ಅದಕ್ಕೆಲ್ಲ ಬ್ಯಾಟರಿ ಇದೆ."

ಸೊಸೆಯ ಹುಮ್ಮಸ್ಸಿಗೂ ಕಾರಣವಿತ್ತು. ಅದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಮೊಮ್ಮಗಳಿಗೆ ಚಿಕ್ಕಂದಿನಿಂದ ಗೂರಲು. ಮುಚ್ಚಿದ ಅಡುಗೆಮನೆಯಲ್ಲಿ ಗ್ಯಾಸು ಉರಿಸುವುದೂ ಅದಕ್ಕೆ ಒಂದು ಕಾರಣ ಎಂದು ಡಾಕ್ಟರು ಹೇಳಿದ್ದರು. ಹೊಸ ಒಲೆ ಬಂದ ಹತ್ತು ದಿನಕ್ಕೆ ಹುಡುಗಿಯ ಕೆಮ್ಮು ಅರ್ಧಕ್ಕರ್ಧ ಇಳಿಯಿತು. ಪಕ್ಕದಲ್ಲೇ ಮಲಗುವ ಮೆಸ್ಸಿನಮ್ಮನಿಗೆ ಅದು ಎಲ್ಲರಿಗಿಂತ ಮೊದಲು ಗೊತ್ತಾಯಿತು. ಹಾಗಾಗಿ ನನ್ನ ಹಳೇ ಒಲೆ ವಾಪಸ್ಸು ಕೊಡಿ ಎಂದು ಕೇಳುವ ಬಾಯಿಯೂ ಅವಳಿಗೆ ಇಲ್ಲವಾಯಿತು.

ಅರವತ್ತು ಜನಕ್ಕೆ ಬೇಯಿಸಿದವಳು ಒಂದು ಗಾಜಿಗೆ ಸೋಲುತ್ತಾಳೆಯೇ? ಒಲೆ ಬಂದ ಮಾರನೆಯ ದಿನವೇ ಮೊಮ್ಮಗಳನ್ನು ಕರೆದು, "ನನ್ನ ಬೆರಳು ಹಿಡಿದು ಒಂದೊಂದೇ ತೋರಿಸೇ, ಕೈಗೆ ರೂಢಿ ಆಗ್ಲಿ" ಎಂದು ಐದೂ ಜಾಗಗಳನ್ನು ಅಳತೆ ಮಾಡಿಕೊಂಡಳು. ಅಂಚಿನಿಂದ ಎರಡು ಬೆರಳು ಒಳಗೆ. ಮೊದಲನೆಯದು ಎಡತುದಿಯಿಂದ ಒಂದು ಗೇಣು. ಅಲ್ಲಿಂದ ಮೂರು ಮೂರು ಬೆರಳಿಗೆ ಒಂದೊಂದು. ಎಲ್ಲರೂ ಹೊರಟ ಮೇಲೆ ಬೆಂದ ಅನ್ನದ ಒಂದೊಂದೇ ಅಗುಳನ್ನು ಹೆಬ್ಬೆರಳಿನಲ್ಲಿ ಮಸೆದು, ಒಂದೊಂದು ಜಾಗದ ಪಕ್ಕಕ್ಕೆ ಒತ್ತಿದಳು. ಅರ್ಧ ಗಂಟೆಯಲ್ಲಿ ಅವು ಒಣಗಿ ಕಲ್ಲಾದವು. ಐದು ಅಗುಳು, ಐದು ಗುರುತು. ಆ ಸಂಜೆ ಅನ್ನ, ಬೇಳೆ, ಆಲೂಗಡ್ಡೆ ಪಲ್ಯ ಮೂರೂ ಹದವಾಗಿ ಮೇಜಿನ ಮೇಲಿದ್ದವು.

"ನೋಡಿದ್ರಾ? ಒಂದೇ ದಿನಕ್ಕೆ ಕಲಿತುಬಿಟ್ರು ನಮ್ಮತ್ತೆ," ಎಂದಳು ಸೊಸೆ, ಗಂಡನ ಕಡೆ ತಿರುಗಿ.

ಊಟವಾದ ಮೇಲೆ ಅಡುಗೆಮನೆ ಒರೆಸುವುದು ಸೊಸೆಯ ಪಾಲಿನ ಕೆಲಸ. ಚೊಕ್ಕಟ ಅಂದರೆ ಅವಳಿಗೆ ಚೊಕ್ಕಟ. ನಡುಮನೆಯಲ್ಲಿ ಮಂಚದ ಮೇಲೆ ಕೂತಿದ್ದ ಮೆಸ್ಸಿನಮ್ಮನಿಗೆ ಒದ್ದೆಬಟ್ಟೆಯ ಸದ್ದು ಕೇಳಿಸಿತು, ಆಮೇಲೆ ಕರ್ ಕರ್ ಎಂದು ಬೇರೆಯೇ ಒಂದು ಸದ್ದು. ಗಾಜು ಕೆರೆಯಲೆಂದು ಒಲೆಯ ಜೊತೆಗೇ ಒಂದು ಬ್ಲೇಡು ಕೊಟ್ಟಿದ್ದರು.

"ಅತ್ತೆ, ಅನ್ನ ಬಸಿಯುವಾಗ ಸ್ವಲ್ಪ ಜೋಪಾನ. ಅಗುಳು ಬಿದ್ದು ಅಂಟಿಕೊಂಡ್ಬಿಟ್ಟಿದೆ."

ಮೆಸ್ಸಿನಮ್ಮ "ಆಯ್ತು ಕಣಮ್ಮ" ಅಂದಳು. ಮಾರನೆಯ ದಿನ ಮತ್ತೆ ಐದು ಅಗುಳು ಒತ್ತಿದಳು. ಸಂಜೆ ಮತ್ತೆ ಕರ್ ಕರ್. ಹೀಗೆ ಅವಳು ಒತ್ತುವುದು, ಇವಳು ಕೆರೆಯುವುದು, ಮೂರು ವಾರ ನಡೆಯಿತು. ಒಬ್ಬರ ಮೇಲೊಬ್ಬರಿಗೆ ಒಳಗೊಳಗೇ ಸಿಟ್ಟು ಏರುತ್ತಿತ್ತು.

ಆ ಸಿಟ್ಟು ಒಂದು ದಿನ ಊಟದ ಮೇಜಿನ ಮೇಲೆ ಹೊರಬಿತ್ತು.

"ಅತ್ತೆ, ಎಷ್ಟು ಸಲ ಹೇಳೋದು? ದಿನಾ ಅದೇ ಗಲೀಜು. ನಾನು ಹೇಳಿದ್ದು ಕೇಳಿಸ್ತಾ ಇದೆಯಾ?"

"ಕೇಳಿಸ್ತಿದೆ."

"ಮತ್ತೆ ಆ ಕಡೆ ಯಾಕೆ ಮುಖ ತಿರುಗಿಸಿಕೊಂಡಿದೀರಿ? ಒಂದು ವರ್ಷದ ಮೇಲಾಯ್ತು, ನಾನು ಮಾತಾಡಿದ್ರೆ ಗೋಡೆ ನೋಡ್ತೀರಿ. ನನ್ನ ಮುಖ ನೋಡಿದ್ರೆ ಪಾಪ ಬರುತ್ತಾ?"

ಸೊಸೆಯ ಮುಖ ಕಾಣಲೆಂದೇ ಅವಳು ಗೋಡೆ ನೋಡುತ್ತಿದ್ದಳು. ಓರೆಗಣ್ಣಿನಲ್ಲಿ ಆ ಮುಖ ಒಂದಿಷ್ಟು ಸಿಗುತ್ತಿತ್ತು, ಅದೂ ಸೊಸೆ ಒಂದು ಗಳಿಗೆ ನೆಟ್ಟಗೆ ನಿಂತರೆ, ಅವಳು ನಿಲ್ಲುವವಳಲ್ಲ. ಈಗ ಮೆಸ್ಸಿನಮ್ಮ ತಿರುಗಿ ನೇರವಾಗಿ ನೋಡಿದಳು. ಎರಡು ಭುಜ ಇತ್ತು, ಹಸಿರು ಕೋಟು ಇತ್ತು. ನಡುವೆ ಮುಖ ಇರಬೇಕಾದಲ್ಲಿ ಏನೂ ಇರಲಿಲ್ಲ.

"ನೋಡಿದೆನಲ್ಲ," ಅಂದಳು. "ಈಗ ಸಮಾಧಾನ ಆಯ್ತಾ?"

"ಊಟ ಮಾಡೋಣ," ಎಂದ ಮಗ. ಅವನಿಗೆ ಯಾವಾಗಲೂ ಅದೊಂದೇ ಉಪಾಯ.

ಪಕ್ಕದ ಬೀದಿಯಲ್ಲಿ ಮೂವತ್ತೆರಡು ಮನೆ. ಅಲ್ಲಿ ಸಹಿ ಅರ್ಧಕ್ಕೆ ನಿಂತಿತ್ತು. ಮುಂದಾಳು ಟೈಲರಣ್ಣ; ಅವನು ಹೂಂ ಅಂದರೆ ಬೀದಿ ಹೂಂ ಅನ್ನುತ್ತಿತ್ತು. "ನಮ್ಮ ಬೀದೀಲಿ ವಯಸ್ಸಾದವರೇ ಜಾಸ್ತಿ. ಅವರಿಗೆ ಈ ಗಾಜು ಒತ್ತೋದೆಲ್ಲ ಆಗೋ ಮಾತಲ್ಲ," ಎಂದು ಅವನು ರಾಗ ಎಳೆಯುತ್ತಿದ್ದ.

"ಆಗೋ ಮಾತಲ್ವಾ? ನಮ್ಮತ್ತೆಗೆ ಎಪ್ಪತ್ತಮೂರು. ಭಾನುವಾರ ಹನ್ನೊಂದು ಗಂಟೆಗೆ ಬನ್ನಿ, ಬಂದು ನೋಡಿ," ಎಂದುಬಿಟ್ಟಳು ಸೊಸೆ. ಮನೆಗೆ ಬಂದು ಅತ್ತೆಗೂ ಹೇಳಿದಳು. ಹೇಳುವಾಗ ದನಿಯಲ್ಲಿ ಹೆಮ್ಮೆ ಇತ್ತು. ಅದು ಕೇಳಿ ಮೆಸ್ಸಿನಮ್ಮನಿಗೆ ಇಲ್ಲ ಅನ್ನಲಾಗಲಿಲ್ಲ. ಮೆಸ್ಸು ಮುಚ್ಚಿದ ಮೇಲೆ ಅವಳ ಅಡುಗೆ ನೋಡಲೆಂದು ಯಾರೂ ಬಂದಿರಲಿಲ್ಲ.

ಭಾನುವಾರ ಬೆಳಿಗ್ಗೆ ಅವಳಿಗೆ ಒಂಟಿಯಾಗಿ ಒಂದು ನಿಮಿಷವೂ ಸಿಗಲಿಲ್ಲ. ಜನ ಬರುತ್ತಾರೆಂದು ಸೊಸೆ ಅಡುಗೆಮನೆ ಬಿಟ್ಟು ಕದಲಲಿಲ್ಲ. ಗಾಜು ಕನ್ನಡಿಯಾಗುವಂತೆ ತಿಕ್ಕಿದ್ದಳು. ಹನ್ನೊಂದಕ್ಕೆ ಸರಿಯಾಗಿ ಟೈಲರಣ್ಣ ಹತ್ತು ಹನ್ನೆರಡು ಜನರನ್ನು ಕಟ್ಟಿಕೊಂಡು ಬಂದ. ಅಡುಗೆಮನೆ ತುಂಬಿತು. ಮೆಸ್ಸಿನಮ್ಮ ಹಾಲಿನ ಪಾತ್ರೆ ಇಟ್ಟಳು, ಅಂಚಿನಿಂದ ಎರಡು ಬೆರಳು ಅಳೆದಳು, ಗೇಣು ಹಾಕುವುದಕ್ಕೆ ಕೈ ಚಾಚಿದಳು. ಇಷ್ಟು ಜನರ ಎದುರು ಗೇಣು ಹಾಕುವುದು ಹೇಗೆ? ಕೈ ಹಿಂದಕ್ಕೆ ಬಂತು. ಅಂದಾಜಿನ ಮೇಲೆ ಒಂದು ಕಡೆ ಬೆರಳು ಒತ್ತಿ, ಸದ್ದು ಬರಲೆಂದು ಕಾದಳು. ಪೀಂ ಅನ್ನುವ ಬದಲು ಒಲೆ ಪೀಂ...ಈಂ ಎಂದು ಉದ್ದಕ್ಕೆ ಕೂಗಿ ಸುಮ್ಮನಾಯಿತು. ಆಮೇಲೆ ಎಲ್ಲಿ ಒತ್ತಿದರೂ ತುಟಿಪಿಟಕ್ ಅನ್ನಲಿಲ್ಲ.

ಹಿಂದೆಯೂ ಎರಡು ಮೂರು ಸಲ ಹೀಗೇ ಆಗಿತ್ತು. ಒಲೆ ಮುನಿಸಿಕೊಂಡಿದೆ ಎಂದುಕೊಂಡು ಆ ಮಧ್ಯಾಹ್ನಗಳಲ್ಲಿ ಅವಳು ತಣ್ಣನೆಯ ಅನ್ನ ತಿಂದಿದ್ದಳು. ಸಂಜೆ ಮೊಮ್ಮಗಳು ಬಂದು ಏನೋ ಒತ್ತಿದರೆ ಸರಿಹೋಗುತ್ತಿತ್ತು. ಈಗ ಹನ್ನೆರಡು ಜನರ ಉಸಿರು ಬೆನ್ನಿಗೆ ತಾಗುತ್ತಿತ್ತು.

"ಅಮ್ಮನಿಗೂ ಆಗ್ಲಿಲ್ಲ, ನೋಡಿ," ಎಂದ ಟೈಲರಣ್ಣ, ಮೆಲ್ಲಗೆ.

"ಆಗುತ್ತೆ, ಆಗುತ್ತೆ. ಅತ್ತೆ, ಅಲ್ಲಲ್ಲ, ಈ ಕಡೆ. ಕೆಂಪು ದೀಪ ಕಾಣ್ತಿದೆಯಲ್ಲ, ಅದರ ಪಕ್ಕ. ಅಯ್ಯೋ, ಎದುರಿಗೇ ಇದೆಯಲ್ಲ ಅತ್ತೆ!"

ಇನ್ನೊಂದು ಗಳಿಗೆ ಕಳೆದರೆ ಯಾರಾದರೂ ಕೇಳುತ್ತಿದ್ದರು, ಅಮ್ಮನಿಗೆ ಕಣ್ಣು ಕಾಣುತ್ತಾ ಎಂದು. ಎದುರುಮನೆಯ ಕುರ್ಚಿ ಮೆಸ್ಸಿನಮ್ಮನ ಮುಂದೆ ಬಂದು ನಿಂತಿತು. ಅವಳು ಸೆರಗಿಗೆ ಕೈ ಒರೆಸಿಕೊಂಡು ಹಿಂದೆ ಸರಿದಳು.

"ನನಗೆ ಇಷ್ಟ ಇಲ್ಲ ಕಣಯ್ಯ ಈ ಒಲೆ," ಎಂದಳು ಗಟ್ಟಿಯಾಗಿ. "ಬೆಂಕಿ ಇಲ್ಲದ್ದು ಒಂದು ಒಲೆಯಾ? ಇವರ ಕಾಟಕ್ಕೆ ಇಟ್ಕೊಂಡಿದೀನಿ. ನಿಮ್ಮ ಬೀದೀಲಿ ಬೆಂಕಿ ಇದೆಯಲ್ಲ, ಜೋಪಾನವಾಗಿ ಇಟ್ಕೊಳ್ಳಿ."

ಜನ ಸದ್ದಿಲ್ಲದೆ ಹೊರಟರು. ಬಾಗಿಲು ಹಾಕಿ ಸೊಸೆ ಅಡುಗೆಮನೆಗೆ ವಾಪಸ್ಸು ಬಂದಳು.

"ಬೇಕಂತ ಮಾಡಿದ್ರಿ," ಎಂದಳು.

"ಹೌದು ಅಂತಲೇ ಇಟ್ಕೋ."

"ದಿನಾ ಇದೇ ಒಲೇಲಿ ಅಡುಗೆ ಮಾಡ್ತೀರಿ. ಇವತ್ತು ಜನರ ಎದುರು ನನ್ನ ಮಾನ ತೆಗೀಬೇಕು ಅಂತಲೇ ಕೈ ಕಟ್ಟಿ ನಿಂತ್ರಿ. ಮೂವತ್ತೆರಡು ಮನೆ ಅತ್ತೆ! ನನ್ನ ಮೇಲೆ ಏನು ಸಿಟ್ಟಿದ್ರೂ ನನ್ನ ಹತ್ರ ತೀರಿಸ್ಕೋಬೇಕಿತ್ತು. ಆ ಬೀದಿ ಮಕ್ಕಳು ನಿಮಗೇನು ಮಾಡಿದ್ರು? ನಿಮ್ಮ ಮೊಮ್ಮಗಳ ಕೆಮ್ಮು ನಿಂತಿದ್ದು ಗೊತ್ತಿಲ್ವಾ ನಿಮಗೆ?"

"ಸಾಕು ಬಿಡೇ," ಎಂದ ಮಗ.

"ಸಾಕು. ನನಗೂ ಸಾಕಾಗಿದೆ. ನಾಳೆಯಿಂದ ಅಡುಗೆ ನಾನೇ ಮಾಡ್ತೀನಿ. ಇಷ್ಟ ಇಲ್ಲದ ಒಲೆ ಅವರು ಮುಟ್ಟೋದು ಬೇಡ."

ಮೆಸ್ಸಿನಮ್ಮ ಯಾವ ಕುರ್ಚಿಗೆ ಹೆದರಿ ಸುಳ್ಳು ಹೇಳಿದ್ದಳೋ, ಆ ಸುಳ್ಳೇ ಅವಳನ್ನು ತಂದು ಆ ಕುರ್ಚಿಯಲ್ಲಿ ಕೂರಿಸಿತು.

ಸೊಸೆ ಹೇಳಿದ್ದನ್ನು ಮಾಡುವವಳು. ಬೆಳಿಗ್ಗೆ ಐದಕ್ಕೆ ಎದ್ದು ಎರಡು ಹೊತ್ತಿನ ಅಡುಗೆ ಮುಗಿಸಿ, ಅತ್ತೆಯ ಮಧ್ಯಾಹ್ನದ ಊಟವನ್ನು ಡಬ್ಬಿಗೆ ಹಾಕಿಟ್ಟು ಎಂಟಕ್ಕೆ ಹೊರಡುತ್ತಿದ್ದಳು. ಡಬ್ಬಿಯ ಊಟಕ್ಕೆ ಹೆಸರಿಡುವಂತಿರಲಿಲ್ಲ; ಉಪ್ಪು ಸರಿಯಿತ್ತು, ಮೆತ್ತಗೆ ಬೆಂದಿತ್ತು. ಆದರೆ ಅದು ಬೇರೆಯವರ ಕೈ ಅಡುಗೆ. ಮೆಸ್ಸಿನಮ್ಮ ತನ್ನದೇ ಮನೆಯಲ್ಲಿ ಮೆಸ್ಸಿಗೆ ಬಂದವಳ ಹಾಗೆ ಉಂಡು, ಡಬ್ಬಿ ತೊಳೆದು ಬೋರಲು ಹಾಕಿ, ಕಿಟಕಿಯ ಪಕ್ಕ ಕೂರುತ್ತಿದ್ದಳು. ಬೀದಿಯಲ್ಲಿ ಯಾರೋ ಹೋಗುತ್ತಿದ್ದರು, ಯಾರೋ ಬರುತ್ತಿದ್ದರು. ಮುಖ ಯಾರಿಗೂ ಇರಲಿಲ್ಲ. ಸಂಜೆ ಮೂವರೂ ಬಂದು ಗಲಗಲ ಎಂದರೂ ಅವಳ ಹತ್ತಿರ ಕೇಳುವುದಕ್ಕೆ ಯಾರಿಗೂ ಏನೂ ಇರಲಿಲ್ಲ. ಮುಂಚೆ ಉಪ್ಪು ಹೆಚ್ಚಾಯಿತು ಎಂದಾದರೂ ಹೇಳುತ್ತಿದ್ದರು. ಬಹಳ ಒಂಟಿಯೆನಿಸುತ್ತಿತ್ತು ಅವಳಿಗೆ.

ಒಂದು ಸಂಜೆ ಮಗ ಹೊಸ್ತಿಲ ಮೇಲೆ ಕೂತು ಬೂಟಿನ ದಾರ ಬಿಚ್ಚುತ್ತಿದ್ದ. ಅವಳು ಹೋಗಿ ಪಕ್ಕದಲ್ಲಿ ಕೂತಳು.

"ಇವತ್ತು ಎಷ್ಟು ಕಿತ್ತೆ?"

"ಹದಿನಾಲ್ಕು ಮೀಟರು. ಅದರಲ್ಲಿ ಒಂಬತ್ತು ನಾನೇ ಹಾಕಿದ್ದು. ಗೋಡೆ ಮೇಲೆ ಪೆನ್ಸಿಲಲ್ಲಿ ನನ್ನ ಸಹಿ ಹಾಗೇ ಇದೆಯಮ್ಮ."

"ಮುಂದೇನೋ?"

"ಬಿಸಿನೀರಿನ ಯಂತ್ರ ಕೂರಿಸೋ ಕೆಲಸ ಕಲಿಸ್ತಾರಂತೆ. ಕಲೀಬೇಕು. ನಲವತ್ತಾರಕ್ಕೆ ಮತ್ತೆ ಒಂದನೇ ಕ್ಲಾಸು." ಬೂಟು ಪಕ್ಕಕ್ಕಿಟ್ಟು ಕೇಳಿದ: "ಅಮ್ಮ, ಅವತ್ತು ಹಾಗ್ಯಾಕೆ ಅಂದೆ? ಒಲೆ ಇಷ್ಟ ಇಲ್ದೇ ಇದ್ರೆ ನನಗೆ ಹೇಳಬಹುದಿತ್ತಲ್ಲ."

ಹೇಳಿಬಿಡಲೇ ಎಂದು ಮಾತು ನಾಲಿಗೆಯ ತುದಿಗೆ ಬಂತು. ಅಷ್ಟರಲ್ಲಿ ಅವನು, "ಎಲ್ಲರಿಗೂ ವಯಸ್ಸಾಗುತ್ತೆ ಬಿಡು. ನೀನು ಇನ್ಮೇಲೆ ಆರಾಮಾಗಿ ಕೂತ್ಕೊ, ದುಡಿದಿದ್ದು ಸಾಕು," ಎಂದು ಅವಳ ಮಂಡಿ ತಟ್ಟಿದ. ಬಂದ ಮಾತು ಹಾಗೇ ಇಳಿದುಹೋಯಿತು.

ಆ ಗುರುವಾರ ಅವಳಿಗೆ ತಡೆಯದಾಯಿತು. ಮುಟ್ಟಬೇಡ ಎಂದರೆ ಮುಟ್ಟದೆ ಇರುವುದಕ್ಕೆ ಅವಳೇನು ಮಗುವೇ? ಮಧ್ಯಾಹ್ನ ಡಬ್ಬಿ ತೆರೆದು ಐದು ಅಗುಳು ತೆಗೆದಿಟ್ಟುಕೊಂಡಳು. ಎರಡು ಬೆರಳು, ಒಂದು ಗೇಣು, ಮೂರು ಬೆರಳು. ಒಂದೊಂದನ್ನೇ ಮಸೆದು ಒತ್ತಿದಳು. ಬಾಯಲ್ಲಿ ತನಗೆ ತಾನೇ, "ಇದು ಆನ್... ಇದು ಎಡ... ಇದು ಬಲ... ಇದು ಜಾಸ್ತಿ... ಇದು ಕಡಿಮೆ," ಎಂದು ಹೇಳಿಕೊಂಡಳು. ಒಣಗಿದ ಮೇಲೆ ಹಾಲಿಗೆ ಒಲೆ ಹಚ್ಚಬೇಕೆಂದು ಮತ್ತೊಮ್ಮೆ ಬೆರಳಾಡಿಸುವಾಗ ಎಲ್ಲೋ ಹೆಚ್ಚು ಹೊತ್ತು ಒತ್ತಿ ಹಿಡಿದಳೋ ಏನೋ, ಒಲೆ ಉದ್ದಕ್ಕೆ ಕೂಗಿ ಮುನಿಸಿಕೊಂಡಿತು. "ನೀನೂ ಬೇಡ ಅಂತೀಯಲ್ಲೇ," ಎಂದಳು ಅದಕ್ಕೆ. ಕಟ್ಟೆಗೆ ಹಣೆ ಆನಿಸಿ ಅತ್ತಳು.

ತಲೆ ಎತ್ತಿದಾಗ ಬಾಗಿಲಿನ ಚೌಕಟ್ಟಿನ ಹತ್ತಿರ, ಕಣ್ಣಿನ ಮೂಲೆಯಲ್ಲಿ, ಏನೋ ಹಸಿರು ಕಂಡಿತು. ಮೊಮ್ಮಗಳು ಟವೆಲ್ಲು ಒಣಹಾಕಿದ್ದಾಳೆ ಅಂದುಕೊಂಡಳು. ಸೆರಗಿನಿಂದ ಮುಖ ಒರೆಸಿಕೊಂಡು, ಮಡಿಸಿಡೋಣವೆಂದು ಅಲ್ಲಿಗೆ ಹೋಗಿ ಕೈ ಚಾಚಿದಳು. ಬಾಗಿಲ ಮೊಳೆ ಬರಿದಾಗಿತ್ತು. ಕಣ್ಣು ಇನ್ನಷ್ಟು ಕೆಟ್ಟಿತು, ಇಲ್ಲದ್ದೆಲ್ಲ ಕಾಣುತ್ತಿದೆ ಎಂದು ಭಯವಾಯಿತು.

ಸೊಸೆ ಎಂದಿನಂತೆ ಆರಕ್ಕೆ ಬಂದಳು. ಊಟಕ್ಕೆ ಕೂತಾಗ ಅವಳು ಗಂಡನ ಕಡೆ ತಿರುಗಿ, ಬೇಕಾದ್ದಕ್ಕಿಂತ ಸ್ವಲ್ಪ ಗಟ್ಟಿಯಾಗಿಯೇ ಹೇಳಿದಳು:

"ಈ ಒಲೆಗೆ ಬೀಗ ಒಂದಿದೆ ಗೊತ್ತಾ ನಿಮಗೆ? ಮಕ್ಕಳು ಮುಟ್ಟದೇ ಇರಲಿ ಅಂತ ಇಟ್ಟಿರೋದು. ಬಲಗಡೆ ಕಟ್ಟಕಡೇದು. ಕೈ ತಪ್ಪಿ ಅದರ ಮೇಲೆ ಹೋದ್ರೆ ಇಡೀ ಒಲೆ ನಿಂತ್ಹೋಗುತ್ತೆ. ಅದನ್ನೇ ಮೂರು ಎಣಿಸೋವರೆಗೆ ಒತ್ತಿ ಹಿಡಿದ್ರೆ ಮತ್ತೆ ತೆರ್ಕೊಳ್ಳುತ್ತೆ."

"ನನಗ್ಯಾಕೆ ಹೇಳ್ತೀಯ? ನಾನೆಲ್ಲಿ ಅಡುಗೆ ಮಾಡ್ತೀನಿ?"

"ಗೊತ್ತಿರಲಿ ಅಂತ. ನಾನು ಅವತ್ತು ಎಲ್ಲಾ ಹೇಳಿಕೊಟ್ಟೆ, ಇದೊಂದು ಹೇಳಿರಲಿಲ್ಲ. ಹೇಳಬೇಕಿತ್ತು."

ಊಟವಾದ ಮೇಲೆ ಒದ್ದೆಬಟ್ಟೆಯ ಸದ್ದು ಬಂತು. ಬ್ಲೇಡಿನ ಸದ್ದಿಗೆ ಮೆಸ್ಸಿನಮ್ಮ ಕಿವಿಗೊಟ್ಟು ಕೂತಳು. ಅದೂ ಬಂತು, ಕರ್ ಕರ್, ಐದು ಸಲ. ಅಲ್ಲಿಗೆ ಇವತ್ತಿನದೂ ಹೋಯಿತು ಎಂದು ಮಂಚದ ಮೇಲೆ ಗೋಡೆಗೆ ತಿರುಗಿ ಮಲಗಿದಳು. ಸೊಸೆ ಅಡುಗೆಮನೆಯಿಂದ ಎಂದಿಗಿಂತ ತಡವಾಗಿ ಹೊರಬಂದದ್ದು ಅವಳಿಗೆ ಗೊತ್ತಾಗಲಿಲ್ಲ.

ಬೆಳಿಗ್ಗೆ ಎಂಟಕ್ಕೆ ಮೂವರೂ ಹೊರಟರು. ಬಾಗಿಲು ಹಾಕಿಕೊಂಡ ಮೆಸ್ಸಿನಮ್ಮ ಡಬ್ಬಿ ಎಲ್ಲಿದೆಯೆಂದು ಕಟ್ಟೆಯ ಮೇಲೆ ಕೈಯಾಡಿಸಿದಳು. ಡಬ್ಬಿ ಇರಲಿಲ್ಲ. ಅದಿರುತ್ತಿದ್ದ ಜಾಗದಲ್ಲಿ ಅಕ್ಕಿಯ ಪಾತ್ರೆ ಇತ್ತು, ತೊಳೆದ ತರಕಾರಿಯ ಬುಟ್ಟಿ ಇತ್ತು, ಈಳಿಗೆ ಇತ್ತು. ಸೊಸೆ ಮರೆತು ಹೋದಳೇ? ಮರೆಯುವವಳಲ್ಲವಲ್ಲ. ಕೈ ಮುಂದಕ್ಕೆ ಹೋಗಿ ಗಾಜಿನ ಅಂಚಿಗೆ ತಾಗಿತು, ಅಲ್ಲಿಂದ ಎರಡು ಬೆರಳು ಒಳಕ್ಕೆ ಸರಿಯಿತು, ಅಲ್ಲೇ ನಿಂತಿತು.

ಬೆರಳಿನ ಕೆಳಗೆ ಒಂದು ಉಬ್ಬು ಇತ್ತು.

ಅಗುಳಲ್ಲ. ನುಣ್ಣಗೆ, ದುಂಡಗೆ, ಗಟ್ಟಿಯಾಗಿತ್ತು; ಉಗುರಿನಿಂದ ಕೆರೆದರೂ ಅಲ್ಲಾಡಲಿಲ್ಲ. ಬಗ್ಗಿ ಮೂಸಿದಳು. ಉಗುರಿಗೆ ಹಚ್ಚುವ ಬಣ್ಣದ ವಾಸನೆ. ಒಂದರ ಮೇಲೊಂದು ಹನಿ ಬಿಟ್ಟು, ಒಣಗಿಸಿ, ಮತ್ತೆ ಹನಿ ಬಿಟ್ಟು ಎತ್ತರ ಮಾಡಿದ್ದು. ಅಲ್ಲಿಂದ ಮೂರು ಬೆರಳಿಗೆ ಇನ್ನೊಂದು. ಇನ್ನೊಂದು. ಐದೂ ಅವಳು ಅಳೆದ ಜಾಗದಲ್ಲೇ, ಒಂದು ಎಳ್ಳಿನಷ್ಟೂ ಹೆಚ್ಚುಕಡಿಮೆ ಇಲ್ಲದೆ. ಆಮೇಲೆ, ಅವಳು ಎಂದೂ ಗುರುತು ಹಾಕದ ಬಲಗಡೆಯ ಕಟ್ಟಕಡೆಯಲ್ಲಿ, ಅಂಟಿಕೊಂಡಂತೆ ಎರಡು ಹನಿ ಜೋಡಿಯಾಗಿ. ಅದೇ ಬೀಗ. ಅದರ ಮೇಲೆ ಬೆರಳಿಟ್ಟು ಒಂದು, ಎರಡು, ಮೂರು ಎಣಿಸಿದಳು. ಬೀಗ ಬಿದ್ದಿದ್ದ ಒಲೆ ಉದ್ದಕ್ಕೆ ಕೂಗಿ ತೆರೆದುಕೊಂಡಿತು. ಮೊದಲನೆಯ ಹನಿಯ ಪಕ್ಕ ಮುಟ್ಟಿದಳು. ಪೀಂ ಎಂದಿತು.

ಆಗ ಆ ಹಸಿರು ಟವೆಲ್ಲು ಯಾವುದೆಂದು ಅವಳಿಗೆ ತಿಳಿಯಿತು.

"ಯಾವಾಗ ಬಂದೆ? ಎಷ್ಟು ಹೊತ್ತು ನಿಂತಿದ್ದೆ?" ಎಂದು ಖಾಲಿ ಮನೆಗೆ ಕೇಳಿದಳು. ಕಟ್ಟೆಗೆ ಹಣೆ ಆನಿಸಿ ಅತ್ತದ್ದನ್ನೂ ನೋಡಿದಳಲ್ಲ ಎಂದು ನಾಚಿಕೆಯಿಂದ ಕಿವಿ ಬಿಸಿಯಾಯಿತು. ಸೊಸೆ ಸದ್ದಿಲ್ಲದೆ ಹೊರಗೆ ಹೋಗಿ, ಆರು ಗಂಟೆಯವರೆಗೆ ಎಲ್ಲೋ ಕಾಲ ಕಳೆದು, ಈಗ ಬಂದೆ ಅನ್ನುವ ಹಾಗೆ ಬಂದಿದ್ದಾಳೆ. ಮನೆಯಲ್ಲಿ ಯಾರಿಗೂ ಹೇಳಿಲ್ಲ. ಚಾಕು ಎತ್ತಿಡಲಿಲ್ಲ, ಈಳಿಗೆಯನ್ನು ಕೈಗೆ ಸಿಗುವ ಹಾಗೆ ಇಟ್ಟು ಹೋಗಿದ್ದಾಳೆ. ಗಡಿಯಾರದ ಮುಳ್ಳು ಎಲ್ಲಿದೆಯೆಂದು ನೋಡಲು ಮೆಸ್ಸಿನಮ್ಮ ಕ್ಯಾಲೆಂಡರಿನ ಕಡೆ ಕಣ್ಣು ತಿರುಗಿಸಿದಳು. ಎಂಟೂವರೆಯೂ ಆಗಿರಲಿಲ್ಲ. ಇದನ್ನು ಹೇಳಿಕೊಳ್ಳುವುದಕ್ಕೆ ಮನೆಯಲ್ಲಿ ಒಂದು ನರಪಿಳ್ಳೆಯೂ ಇಲ್ಲ. ಆ ದಿನದಷ್ಟು ಉದ್ದದ ದಿನವನ್ನು ಅವಳು ಕಂಡಿರಲಿಲ್ಲ.

ಸಂಜೆ ಸೊಸೆಯೇ ಮೊದಲು ಬಂದಳು. ಚಪ್ಪಲಿ ಬಿಟ್ಟ ಸದ್ದಾಯಿತು, ಚೀಲ ಇಟ್ಟ ಸದ್ದಾಯಿತು. ಒಲೆಯ ಮೇಲೆ ಬೇಳೆ ಕುದಿಯುತ್ತಿತ್ತು. ಮೆಸ್ಸಿನಮ್ಮ ಒಲೆಯ ಕಡೆಗೇ ಮುಖ ಮಾಡಿ, ತಿರುಗದೆ ನಿಂತಿದ್ದಳು. ಎಂದಿನಂತೆ ಸೊಸೆ ಎದುರಿಗೆ ಬಂದು ಪಟಪಟ ಮಾತಾಡಲಿಲ್ಲ. ಮೆಲ್ಲಗೆ ಬಂದು ಎಡಭುಜದ ಪಕ್ಕಕ್ಕೆ, ಸ್ವಲ್ಪ ಹಿಂದಕ್ಕೆ ನಿಂತಳು. ಅಲ್ಲಾಡದೆ ನಿಂತಳು.

"ಏನಡುಗೆ ಅತ್ತೆ?"

"ಬೇಳೆ, ಪಲ್ಯ. ಅನ್ನ ಆಗಿದೆ." ಬೇಳೆಗೆ ಸೌಟು ಆಡಿಸಿ, "ಟೈಲರಣ್ಣನಿಗೆ ಭಾನುವಾರ ಬರೋಕೆ ಹೇಳು. ಅವತ್ತು ನಾನು ಆಡಿದ್ದು ಸುಳ್ಳು ಅಂತ ನಾನೇ ಹೇಳ್ಬೇಕು."

"ಸುಳ್ಳು ಯಾಕೆ ಹೇಳಿದ್ರಿ ಅಂತ ಕೇಳ್ತಾರೆ."

"ಕೇಳ್ಲಿ. ಹೇಳ್ತೀನಿ."

ಸೊಸೆ ಹೂಂ ಅಂದಳು. ಆದರೂ ಕದಲಲಿಲ್ಲ. ಮೆಸ್ಸಿನಮ್ಮ ಕುದಿಯುವ ಪಾತ್ರೆಯ ಮೇಲೆಯೇ ಕಣ್ಣಿಟ್ಟಿದ್ದಳು. ಪಾತ್ರೆ ಕಾಣುತ್ತಿರಲಿಲ್ಲ, ಕಣ್ಣಿನ ಮೂಲೆಯಲ್ಲಿ, ಹಸಿರು ಕೋಟಿನ ಮೇಲೆ, ಸೊಸೆಯ ಮುಖ ನಿಧಾನವಾಗಿ ಕೂಡಿಕೊಳ್ಳುತ್ತ ಬಂತು. ದಣಿದ ಮುಖ. ಕಿವಿಯ ಮೇಲಿಂದ ಹಿಂದಕ್ಕೆ ಬೆಳ್ಳನೆಯ ಪಟ್ಟಿಯೊಂದು ಹೋಗಿತ್ತು. ಅದು ಇದ್ದದ್ದೇ ಅವಳಿಗೆ ಗೊತ್ತಿರಲಿಲ್ಲ.

"ಕೂದಲು ನರೆತುಬಿಟ್ಟಿದೆಯಲ್ಲೇ ನಿನಗೆ," ಅಂದಳು.

"ಎರಡು ವರ್ಷ ಆಯ್ತು ಅತ್ತೆ," ಎಂದಳು ಸೊಸೆ.